ಹುಲ್ಲು ಒಣಗಿದ ಗೆರೆಯ ಕೆಳಗೆ ಏನಿದೆ? ಅಗೆಯದೆ ತಿಳಿಯುವ ಬಗೆ

ಪ್ರಶ್ನೆ: ಹಳೇಬೀಡಿನಿಂದ ಐದಾರು ಕಿಲೋಮೀಟರ್ ದೂರದಲ್ಲಿ ನಮ್ಮದು ಎರಡು ಎಕರೆ ಬೆದ್ದಲು ಇದೆ. ರಾಗಿ ಕೊಯ್ಲು ಮುಗಿದು ಶಿವರಾತ್ರಿ ಹತ್ತಿರ ಬಂದಾಗ ಒಂದು ಕಡೆ ಹುಲ್ಲು ದಾರ ಹಿಡಿದು ಗೆರೆ ಹಾಕಿದಂತೆ ಒಣಗುತ್ತದೆ. ಹನ್ನೆರಡು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ಆಯ. ಅದರ ಆಚೆ ಮೂಲೆಯಲ್ಲಿ ಮಣ್ಣು ಕಪ್ಪಗಿದೆ. ಉತ್ತಾಗಲೆಲ್ಲ ಬೋಕಿ, ಕಬ್ಬಿಣದ ಕಿಟ್ಟ ಮೇಲೆ ಬರುತ್ತವೆ. ಮಗ ಈ ಸಲ ಜೆಸಿಬಿ ತರಿಸಿ ಶುಂಠಿ ಹಾಕೋಣ ಅನ್ನುತ್ತಿದ್ದಾನೆ. ಬೋರ್‌ವೆಲ್ ಪಾಯಿಂಟ್ ಮಾಡುವವರೊಬ್ಬರು ‘ನನ್ನ ಮೆಷಿನ್ನಲ್ಲೇ ನೋಡಿಕೊಡುತ್ತೇನೆ’ ಅಂದರು. ಅಗೆಯದೆ ಕೆಳಗಿರುವುದನ್ನು ತಿಳಿಯಬಹುದೇ? ಸರ್ಕಾರಕ್ಕೆ ತಿಳಿಸಿದರೆ ಜಮೀನು ಹೋಗುತ್ತದೆಯೇ?

ಉತ್ತರ: ತಿಳಿಯಬಹುದು. ಅರ್ಧ ಕೆಲಸವನ್ನು ನೀವಾಗಲೇ ಮಾಡಿದ್ದೀರಿ. ಮೊದಲು ಒಂದು ಮಾತು: ಆ ಆಯ ಮತ್ತು ಕಪ್ಪು ಮಣ್ಣಿನ ಮೂಲೆ ಎರಡನ್ನೂ ಬಿಟ್ಟು ಉಳಿದ ಜಮೀನಿನಲ್ಲಿ ಮಾತ್ರ ಜೆಸಿಬಿ ಇಳಿಸಿ. ಶುಂಠಿಗೆ ಮಡಿ ಏರಿಸಿ ನೀರು ಬಸಿಯಲು ಕಾಲುವೆ ತೆಗೆಯುವಾಗ ಒಂದೂವರೆ, ಎರಡಡಿ ಆಳ ಸುಲಭವಾಗಿ ಹೋಗುತ್ತದೆ. ಹುಲ್ಲಿನ ಮೇಲೆ ಗುರುತು ಕಾಣಿಸುವಷ್ಟು ಮೇಲೆ ಇರುವ ಅಡಿಪಾಯ ಸಾಮಾನ್ಯವಾಗಿ ಅದೇ ಆಳದಲ್ಲಿರುತ್ತದೆ.

ನೆಲದೊಳಗೆ ಹೂತಿರುವುದನ್ನು ಯಾವ ಉಪಕರಣವೂ ನೇರವಾಗಿ ನೋಡುವುದಿಲ್ಲ. ಸುತ್ತಲಿನ ಮಣ್ಣಿಗೂ ಹೂತ ವಸ್ತುವಿಗೂ ಇರುವ ವ್ಯತ್ಯಾಸವನ್ನು ಅಳೆಯುತ್ತದೆ: ತೇವದಲ್ಲಿ, ವಿದ್ಯುತ್ ಹರಿಯುವುದರಲ್ಲಿ, ಕಾಂತತೆಯಲ್ಲಿ. ವ್ಯತ್ಯಾಸವಿಲ್ಲದ ಕಡೆ ಲಕ್ಷಗಟ್ಟಲೆ ಬೆಲೆಯ ಯಂತ್ರವೂ ಏನೂ ತೋರಿಸದು. ನಿಮ್ಮ ಹುಲ್ಲು ತೋರಿಸಿದ್ದು ತೇವದ ವ್ಯತ್ಯಾಸ. ಒಂದಡಿ ಕೆಳಗೆ ಕಲ್ಲು ಕಟ್ಟಡದ ಅಡಿಪಾಯ ಇದ್ದರೆ ಅದರ ಮೇಲೆ ಮಣ್ಣಿನ ಪದರ ತೆಳು, ಬೇರಿಗೆ ಇಳಿಯಲು ಜಾಗವಿಲ್ಲ, ನೀರು ಬೇಗ ಆರುತ್ತದೆ. ಮಾಘ ಕಳೆಯುವಾಗ ಅಲ್ಲಿನ ಹುಲ್ಲು ಅಕ್ಕಪಕ್ಕದ್ದಕ್ಕಿಂತ ಎಂಟು ಹತ್ತು ದಿನ ಮೊದಲೇ ಬಿಳಿಚಿಕೊಳ್ಳುತ್ತದೆ. ಹಳೆಯ ಕಂದಕ, ಕಾಳು ತುಂಬುತ್ತಿದ್ದ ಹಗೇವು, ಕಸ ಹಾಕಿದ ಗುಂಡಿ ಇದ್ದರೆ ಇದು ತಿರುಗುಮುರುಗು: ಅಲ್ಲಿ ಸಡಿಲ ಮಣ್ಣು ಆಳಕ್ಕೆ ತುಂಬಿರುವುದರಿಂದ ಹಸಿರು ಉಳಿದುಕೊಳ್ಳುತ್ತದೆ.

ನಮ್ಮ ಕಡೆ ಇದರ ಜೊತೆಗೆ ಇನ್ನೊಂದನ್ನು ನೆನಪಿಡಬೇಕು. ಹಾಳುಬಿದ್ದ ಕಟ್ಟಡದ ಸೈಜುಗಲ್ಲನ್ನು ಕಿತ್ತು ಬಾವಿಗೋ ಕೆರೆ ತೂಬಿಗೋ ಮನೆಯ ಜಗಲಿಗೋ ಹಾಕಿಕೊಂಡಿರುವುದು ಹಳೇಬೀಡಿನ ಸುತ್ತಲ ಊರುಗಳಲ್ಲಿ ಸರ್ವೇಸಾಮಾನ್ಯ. ಕಲ್ಲು ಹೋದ ಮೇಲೆ ಆ ಗುಣಿಗೆ ಮಣ್ಣು ತುಂಬಿಕೊಂಡು, ಗೋಡೆ ಇದ್ದ ಜಾಗದಲ್ಲೇ ಹುಲ್ಲು ಹಸಿರಾಗಿ ನಿಲ್ಲುತ್ತದೆ. ಒಂದೇ ಕಟ್ಟಡದ ಮೂರು ಬದಿ ಒಣಗಿ ನಾಲ್ಕನೆಯದು ಹಸಿರಾಗಿದ್ದರೆ, ಆ ಬದಿಯ ಕಲ್ಲು ಹೋಗಿದೆ ಎಂದು ಊಹಿಸಬಹುದು. ಹಾಗಾಗಿ ಈ ವರ್ಷ ಒಣಗಿದ ಗೆರೆಯನ್ನಷ್ಟೇ ಅಲ್ಲ, ಹಸಿರು ಗೆರೆಯನ್ನೂ ಹುಡುಕಿ.

ಒಂದು ಹೆಜ್ಜೆಗೆ ಮುಕ್ಕಾಲು ಮೀಟರ್ ಹಿಡಿದರೂ ನೀವು ಹೇಳಿದ್ದು 9 ಮೀಟರ್ ಉದ್ದ, 6 ಮೀಟರ್ ಅಗಲ. ಮೂಲೆಗಳು ನಿಜವಾಗಿ ಮಟ್ಟಮೂಲೆ ಆಗಿದ್ದರೆ ಅದು ಮನುಷ್ಯ ಮಾಡಿದ್ದು ಅನ್ನಲು ಬಲವಾದ ಆಧಾರ. ಆದರೆ ಮನುಷ್ಯ ಮಾಡಿದ್ದೆಲ್ಲ ಹೊಯ್ಸಳರ ಕಾಲದ್ದಲ್ಲ. ಕಿತ್ತುಹಾಕಿದ ಹಳೆಯ ಬದು, ಐವತ್ತು ವರ್ಷದ ಹಿಂದಿನ ದನದ ಕೊಟ್ಟಿಗೆ, ಕಣದ ಕಟ್ಟೆ ಕೂಡ ಹೀಗೇ ಕಾಣುತ್ತವೆ. ಮನೆಯ ಹಿರಿಯರನ್ನು ಕೇಳಿ, ಭೂಮಾಪನ ಇಲಾಖೆಯ ಗ್ರಾಮ ನಕ್ಷೆ ತೆಗೆಸಿ ಆ ಸರ್ವೆ ನಂಬರಿನ ಹಳೆಯ ಎಲ್ಲೆಗೆರೆಗಳನ್ನು ನೋಡಿ. ನಕ್ಷೆಯಲ್ಲಿ ಹತ್ತಿರ ಎಲ್ಲಾದರೂ ‘ಬೇಚರಾಕ್’ ಗ್ರಾಮ ಎಂದು ಬರೆದಿದ್ದರೆ ಅದು ಜನ ಬಿಟ್ಟುಹೋದ ಊರು, ಅಲ್ಲಿಗೆ ನಿಮ್ಮ ಹೊಲ ಸೇರಿದ್ದಿರಬಹುದು. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಸಂಪುಟದಲ್ಲಿ ಶಾಸನಗಳು ತಾಲ್ಲೂಕುವಾರು, ಊರುವಾರು ಇವೆ. ಅಂದಿನ ಕಡೂರು ಜಿಲ್ಲೆಯದು, ಅಂದರೆ ಈಗಿನ ಚಿಕ್ಕಮಗಳೂರಿನದು, 1901ರ ಸಂಪುಟ. ನಿಮ್ಮ ಊರಿನ ಹೆಸರು, ಪಕ್ಕದ ಕೆರೆಯ ಹೆಸರು ಅದರಲ್ಲಿದೆಯೇ ನೋಡುವುದಕ್ಕೆ ಖರ್ಚೇ ಇಲ್ಲ.

ಈ ಬೇಸಿಗೆಯಲ್ಲಿ ನೀವೇ ಮಾಡಬಹುದಾದ ಕೆಲಸ ಇದು. ಫೆಬ್ರವರಿಯಿಂದ ಹೂಮಳೆ ಬೀಳುವ ತನಕ ಹತ್ತು ದಿನಕ್ಕೊಮ್ಮೆ, ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ, ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಎತ್ತರ ಮುಖ್ಯ, ಮನೆಯ ಮಾಳಿಗೆಯೋ ಟ್ರಾಕ್ಟರ್ ಟ್ರೈಲರ್ ಮೇಲೆ ನಿಲ್ಲಿಸಿದ ಏಣಿಯೋ ಸಾಕು. ಗೆರೆಯ ನಾಲ್ಕು ಮೂಲೆಗೆ ಗೂಟ ಹೊಡೆದು, ಪ್ರತಿ ಗೂಟಕ್ಕೂ ಎರಡು ಬಾಂದುಕಲ್ಲುಗಳಿಂದ ಟೇಪು ಹಿಡಿದು ದೂರ ಬರೆದಿಟ್ಟುಕೊಳ್ಳಿ. ಎರಡು ಸ್ಥಿರ ಬಿಂದುಗಳಿಂದ ದೂರ ಗೊತ್ತಿದ್ದರೆ ಗೂಟ ಕಳೆದುಹೋದರೂ ಜಾಗ ಸಿಗುತ್ತದೆ. ಮೊಬೈಲಿನ ಜಿಪಿಎಸ್ ಮೂರರಿಂದ ಐದು ಮೀಟರ್ ತಪ್ಪಬಹುದು; 60 ಸೆಂಟಿಮೀಟರ್ ದಪ್ಪದ ಗೋಡೆಗೆ ಅದನ್ನು ನಂಬಿ ಕೂರಬೇಡಿ. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ತೆರೆದು ಮಾರ್ಚ್, ಏಪ್ರಿಲ್‌ನವನ್ನು ಮಾತ್ರ ಆರಿಸಿ ನೋಡಿ. ಮಳೆಗಾಲದ್ದು ಈ ಕೆಲಸಕ್ಕೆ ಬರುವುದಿಲ್ಲ. ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ 10 ಮೀಟರ್. ನಿಮ್ಮ ಇಡೀ ಕಟ್ಟಡ ಒಂದು ಚುಕ್ಕಿಯಲ್ಲಿ ಮುಗಿದುಹೋಗುತ್ತದೆ. ಡ್ರೋನ್ ಇದ್ದವರು ಸಿಕ್ಕರೆ ಒಳ್ಳೆಯದೇ, ಆದರೆ ಸಂರಕ್ಷಿತ ಸ್ಮಾರಕದ ಹತ್ತಿರ ಅನುಮತಿ ಇಲ್ಲದೆ ಹಾರಿಸಬೇಡಿ.

ಬೋಕಿ ಆರಿಸುವುದಕ್ಕೂ ಕ್ರಮವಿದೆ. ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿದರೆ ಅದರ ಬೆಲೆ ಮುಕ್ಕಾಲು ಪಾಲು ಹೋಯಿತು. ಉತ್ತು ಒಂದು ಮಳೆ ಬಿದ್ದು ಮಣ್ಣು ತೊಳೆದ ಮೇಲೆ ಹೊಲವನ್ನು 10 ಮೀಟರ್ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಹತ್ತು ನಿಮಿಷ ಮಾತ್ರ ನಡೆದು, ಕಂಡ ಬೋಕಿ, ಹೆಂಚು, ಕಿಟ್ಟ ಎಣಿಸಿ ಬರೆಯಿರಿ. ಫೋಟೋ ತೆಗೆದು ಅಲ್ಲೇ ಬಿಡಿ. ಎಣಿಕೆಯನ್ನು ನಕ್ಷೆಯ ಮೇಲೆ ಬರೆದರೆ ದಟ್ಟಣೆ ಎಲ್ಲಿ ಎಂಬುದು ತಾನಾಗಿ ಎದ್ದು ಕಾಣುತ್ತದೆ. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ನಯವಾದ ಬೋಕಿ ಸಿಕ್ಕರೆ ವಿಷಯ ಹೊಯ್ಸಳರಿಗಿಂತ ಬಹಳ ಹಿಂದಕ್ಕೆ, ಕಬ್ಬಿಣ ಯುಗದ ಕಡೆಗೆ ಹೋಗಬಹುದು. ನಮ್ಮ ಮಲೆನಾಡಿನಂಚಿನಲ್ಲಿ ಜನ ‘ಪಾಂಡವರ ಮನೆ’ ಎನ್ನುವ ಕಲ್ಲುಗೋರಿಗಳ ಕಾಲ ಅದು. ಮಂಗಳೂರು ಹೆಂಚಿನ ಚೂರು ಸಿಕ್ಕ ಪದರವಾದರೋ 1865ಕ್ಕಿಂತ ಈಚೆಗಿನದು. ಬಾಸೆಲ್ ಮಿಷನ್ನಿನವರು ಆ ಹೆಂಚಿನ ಕಾರ್ಖಾನೆ ಹಾಕಿದ್ದೇ ಆ ವರ್ಷ.

ಈಗ ಉಪಕರಣದ ವಿಷಯ. ಕೆಂಪು ಮಣ್ಣಿನಲ್ಲಿ ಕಲ್ಲಿನ ಅಡಿಪಾಯ ಹುಡುಕಬೇಕಾದರೆ ನನ್ನ ಮೊದಲ ಆಯ್ಕೆ ರೆಸಿಸ್ಟಿವಿಟಿ, ಅಂದರೆ ನೆಲದ ವಿದ್ಯುತ್ ರೋಧ ಅಳೆಯುವುದು. 1946ರಲ್ಲಿ ಇಂಗ್ಲೆಂಡಿನ ಡಾರ್ಚೆಸ್ಟರ್ ಬಳಿ ರಿಚರ್ಡ್ ಅಟ್ಕಿನ್ಸನ್ ಇದನ್ನು ಪುರಾತತ್ವಕ್ಕೆ ತಂದರು. ಅಂದಿನಿಂದ ಇಂದಿನವರೆಗೆ ಮೂಲ ತತ್ವ ಬದಲಾಗಿಲ್ಲ. ತೇವದ ಮಣ್ಣಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕಲ್ಲಿನಲ್ಲಿ ಹರಿಯುವುದಿಲ್ಲ. ಪುರಾತತ್ವದಲ್ಲಿ ಹೆಚ್ಚು ಬಳಸುವ ಜೋಡಣೆಯಲ್ಲಿ ಎರಡು ಸಲಾಕೆಗಳನ್ನು ಅರ್ಧ ಮೀಟರ್ ಅಂತರದಲ್ಲಿ ಒಂದು ಚೌಕಟ್ಟಿಗೆ ಕಟ್ಟಿ ಹೊಲದ ತುಂಬ ಎತ್ತಿ ಊರುತ್ತ ಹೋಗುತ್ತಾರೆ. ಇನ್ನೆರಡು ಸಲಾಕೆ ದೂರದಲ್ಲಿ ಒಂದೇ ಕಡೆ ಊರಿರುತ್ತವೆ. ಈ ದೂರ, ಓಡಾಡುವ ಸಲಾಕೆಗಳ ಅಂತರದ 30 ಪಟ್ಟು, ಅಂದರೆ ಕಡಿಮೆ ಎಂದರೂ 15 ಮೀಟರ್ ಇರಬೇಕು. ಹತ್ತಿರ ತಂದರೆ ಆ ಕಡೆಯ ಅಂಚಿನ ಅಳತೆಗಳೆಲ್ಲ ಓರೆಯಾಗುತ್ತವೆ. ಅರ್ಧ ಮೀಟರ್ ಅಂತರಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮೀಟರ್ ಆಳದವರೆಗಿನದು ಅಳತೆಯಲ್ಲಿ ಬರುತ್ತದೆ.

ಕೆಲಸ ನಡೆಯುವುದು ಹೀಗೆ. ಹುಲ್ಲಿನ ಆಯವನ್ನು ನಡುವೆ ಇಟ್ಟುಕೊಂಡು 20 ಮೀಟರ್ ಚೌಕ ಹಾಕಬೇಕು. ಮೂಲೆ ಮಟ್ಟವಾಗಲು ಗಾರೆಯವರು ಮಾಡುವ ಹಾಗೆ ಮೂರು, ನಾಲ್ಕು, ಐದರ ಲೆಕ್ಕ. ಕೊನೆಗೆ ಎರಡೂ ಕರ್ಣ 28.28 ಮೀಟರ್ ಬಂದರೆ ಚೌಕ ಸರಿ. ಎದುರುಬದುರು ಬದಿಗೆ ದಾರ ಕಟ್ಟಿ, ಸಾಲು ಸಾಲಾಗಿ ಅರ್ಧ ಮೀಟರಿಗೊಂದು ಅಳತೆ. ಹಾಗೆ ಒಂದು ಚೌಕಕ್ಕೆ 1,600 ಅಳತೆ ಬೇಕು. ಒಂದು ಮೀಟರಿಗೊಂದರಂತೆ 400ರಲ್ಲೇ ಮುಗಿಸಬಹುದು, ಆದರೆ 60 ಸೆಂಟಿಮೀಟರ್ ಗೋಡೆ ಎರಡು ಅಳತೆಗಳ ನಡುವೆ ತಪ್ಪಿಸಿಕೊಳ್ಳುತ್ತದೆ. ಇಲ್ಲಿ ಸಮಯ ಉಳಿಸಲು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಸಾಲಿನ ಅಳತೆ ಉದಾಹರಣೆಗೆ 62, 64, 61, 63, 88, 97, 90, 65, 62 ಓಮ್ ಎಂದು ಬಂದರೆ, ನಡುವಿನ ಮೂರು ಕಲ್ಲಿನ ಕಡೆಗೆ ಕೈತೋರಿಸುತ್ತವೆ. ಒಂದೇ ಸಾಲನ್ನು ನೋಡಿ ಏನೂ ಹೇಳಕೂಡದು. ಪಕ್ಕದ ಸಾಲಿನಲ್ಲೂ, ಅದರ ಪಕ್ಕದಲ್ಲೂ ಅದೇ ಜಾಗದಲ್ಲಿ ಏರಿಕೆ ಬಂದರೆ ಗೆರೆಯಾಗುತ್ತದೆ. ಆ ಗೆರೆ ಮಟ್ಟಮೂಲೆಗೆ ತಿರುಗಿದರೆ ಗೋಡೆ ಅನ್ನಬಹುದು.

ಕೆಡುವ ಬಗೆಗಳೂ ಗೊತ್ತಿರಲಿ. ಒಂದು ಸಾಲನ್ನು ಮೇಲಿನಿಂದ, ಮುಂದಿನದನ್ನು ಕೆಳಗಿನಿಂದ ನಡೆದು ಬರೆಯುವಾಗ ದಿಕ್ಕು ಮರೆತರೆ ನೆಟ್ಟಗಿನ ಗೋಡೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಇವತ್ತು ಒಂದು ಚೌಕ ಮುಗಿಸಿ, ರಾತ್ರಿ ಮಳೆ ಬಂದು, ನಾಳೆ ಪಕ್ಕದ್ದನ್ನು ಮಾಡಿದರೆ ಎರಡರ ಅಂಚು ಕೂಡುವುದಿಲ್ಲ. ಅದಕ್ಕೆ ಹಿಂದಿನ ದಿನದ ಒಂದು ಸಾಲನ್ನು ಮತ್ತೆ ಅಳೆದು ವ್ಯತ್ಯಾಸ ಕಳೆಯಬೇಕು. ತೆಂಗಿನ ಮರ ಸುತ್ತಲಿನ ನೀರು ಹೀರಿಕೊಂಡು ದುಂಡನೆಯ ಏರಿಕೆ ತೋರಿಸುತ್ತದೆ, ಅದನ್ನು ಕಲ್ಲುಮಂಟಪ ಎಂದು ಓದಿದವರಿದ್ದಾರೆ. ಒಣಗಿದ ಹುತ್ತ ಕೂಡ ಹೀಗೆಯೇ. ಎಲ್ಲಕ್ಕಿಂತ ಮುಖ್ಯ, ಕಾಲ. ಜುಲೈ, ಆಗಸ್ಟ್‌ನಲ್ಲಿ ಎಲ್ಲವೂ ನೆನೆದು ವ್ಯತ್ಯಾಸ ಅಳಿಸಿಹೋಗಿರುತ್ತದೆ. ಏಪ್ರಿಲ್‌ನಲ್ಲಿ ಮೇಲ್ಮಣ್ಣು ಹೆಂಟೆಗಟ್ಟಿ ಸಲಾಕೆಗೂ ನೆಲಕ್ಕೂ ಸಂಪರ್ಕವೇ ಸಿಗುವುದಿಲ್ಲ. ನಿಮ್ಮ ಭಾಗದಲ್ಲಿ ನವೆಂಬರ್ ಕೊನೆಯಿಂದ ಜನವರಿಯವರೆಗೆ, ಮಳೆ ನಿಂತು ಮಣ್ಣು ಒಳಗೆ ಹಸಿಯಾಗಿರುವಾಗ ಮಾಡಿಸಿ. ಹುಲ್ಲು ನೋಡುವ ಕಾಲ ಬೇರೆ, ಇದರ ಕಾಲ ಬೇರೆ.

ಬೋರ್‌ವೆಲ್ ಪಾಯಿಂಟ್ ಮಾಡುವವರ ಬಗ್ಗೆ ಕೇಳಿದ್ದೀರಿ. ಅವರ ಬಳಿ ನಾಲ್ಕು ಸಲಾಕೆ, ಮೀಟರ್ ಇರುವ ನಿಜವಾದ ರೆಸಿಸ್ಟಿವಿಟಿ ಯಂತ್ರ ಇದ್ದರೆ ಅದು ಇದೇ ಜಾತಿಯದು. ಆದರೆ ಅವರು ಸಲಾಕೆಗಳನ್ನು ಹತ್ತಾರು ಮೀಟರ್ ಅಂತರದಲ್ಲಿ ಊರಿ ಬಂಡೆಯ ಬಿರುಕು ಹುಡುಕುತ್ತಾರೆ. ಅಷ್ಟು ಅಂತರದಲ್ಲಿ ಎರಡಡಿ ಕೆಳಗಿನ ಗೋಡೆ ಲೆಕ್ಕಕ್ಕೇ ಬರುವುದಿಲ್ಲ. ಅದೇ ಯಂತ್ರದಲ್ಲಿ ನಾಲ್ಕು ಸಲಾಕೆಗಳನ್ನು ಒಂದು ಸಾಲಿನಲ್ಲಿ ಒಂದೊಂದು ಮೀಟರ್ ಅಂತರಕ್ಕೆ ಊರಿ, ಇಡೀ ಸಾಲನ್ನು ಅರ್ಧರ್ಧ ಮೀಟರ್ ಸರಿಸುತ್ತ, ಹುಲ್ಲಿನ ಗೆರೆಗೆ ಅಡ್ಡವಾಗಿ 15 ಮೀಟರ್ ನಡೆದರೆ ಉಪಯೋಗವಾದೀತು. ಹೊರಗಿನ ಎರಡಕ್ಕೆ ವಿದ್ಯುತ್ ಕೊಟ್ಟು, ಒಳಗಿನ ಎರಡರಲ್ಲಿ ಅಳೆದ ರೋಧವನ್ನು 6.28ರಿಂದ, ಮತ್ತೆ ಮೀಟರಿನಲ್ಲಿರುವ ಅಂತರದಿಂದ ಗುಣಿಸಿದರೆ ಓಮ್-ಮೀಟರ್ ಬರುತ್ತದೆ. ತೆಂಗಿನಕಾಯಿ, ಬೇವಿನ ಕವಲುಕಡ್ಡಿ ಹಿಡಿದು ನೋಡುವುದಾದರೆ ಬೇಡ. ‘ಕೆಳಗೆ ಪೊಳ್ಳು ಇದೆ, ಲೋಹ ಇದೆ’ ಎಂಬ ಒಂದು ಮಾತು ಊರಿನಲ್ಲಿ ಹಬ್ಬಿದರೆ ಸಾಕು, ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಬರುವವರಿದ್ದಾರೆ. ನಿಧಿಯಾಸೆಗೆ ಗರ್ಭಗುಡಿಯ ಪೀಠವನ್ನೇ ಕಿತ್ತುಹಾಕಿದ ಪಾಳುಗುಡಿಗಳು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಕಣ್ಣಿಗೆ ಬೀಳುತ್ತವೆ. ಮೆಟಲ್ ಡಿಟೆಕ್ಟರ್ ಬೇಡವೆನ್ನುವುದೂ ಇದಕ್ಕೇ: ಅದು ಗೋಡೆ ತೋರಿಸುವುದಿಲ್ಲ, ಗುಂಡಿ ತೋಡಿಸುತ್ತದೆ.

ಕಪ್ಪು ಮಣ್ಣಿನ ಮೂಲೆಗೆ ಮಾತ್ರ ಮ್ಯಾಗ್ನೆಟೋಮೀಟರ್, ಅಂದರೆ ನೆಲದ ಕಾಂತತೆ ಅಳೆಯುವ ಯಂತ್ರ, ತರಿಸುವುದು ಸಾರ್ಥಕ. ಕಿಟ್ಟ ಬರುತ್ತಿದೆ ಎಂದರೆ ಅಲ್ಲಿ ಅದಿರು ಕರಗಿಸುವ ಕುಲುಮೆಯೋ ಕಮ್ಮಾರಸಾಲೆಯೋ ಇದ್ದಿರಬಹುದು. ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಕಣಗಳು ಬೆಂಕಿಯಲ್ಲಿ ಚೆನ್ನಾಗಿ ಕಾದು ಆರುವಾಗ, ಆ ಹೊತ್ತಿನ ಭೂಕಾಂತ ಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜಕ್ಕೆ ಹಾಗೆ ಕಾಯಬೇಕಾದ ಮಿತಿ ಸುಮಾರು 580 ಡಿಗ್ರಿ ಸೆಲ್ಸಿಯಸ್. 1958ರಲ್ಲಿ ಮಾರ್ಟಿನ್ ಏಟ್ಕನ್ ಇಂಗ್ಲೆಂಡಿನಲ್ಲಿ ರೋಮನ್ನರ ಮಡಕೆ ಆವಿಗೆಯನ್ನು ಪತ್ತೆಹಚ್ಚಿದ್ದು ಇದೇ ಗುಣದಿಂದ. ನಮ್ಮಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ. ಮಣ್ಣು ತುಂಬಿದ ಗುಂಡಿ ಅದನ್ನು ಒಂದೆರಡು ನ್ಯಾನೊಟೆಸ್ಲಾ ಬದಲಿಸಿದರೆ ಹೆಚ್ಚು, ಸುಟ್ಟ ಆವಿಗೆ ನೂರರ ಆಸುಪಾಸು ಬದಲಿಸಬಲ್ಲದು. ಅಷ್ಟು ಸೂಕ್ಷ್ಮವಾದ್ದರಿಂದ ಯಂತ್ರ ಹಿಡಿದವರ ಬೆಲ್ಟಿನ ಬಕಲ್ಲು, ಜಿಪ್ಪು, ಜೇಬಿನ ಫೋನು ಎಲ್ಲವೂ ತೊಂದರೆ. ಮುಳ್ಳುತಂತಿ ಬೇಲಿ, ಬೋರ್‌ವೆಲ್ ಕೇಸಿಂಗ್, ಪಂಪ್‌ಸೆಟ್ಟಿನ ಹತ್ತಿರದ ಹತ್ತು ಮೀಟರ್ ಜಾಗವನ್ನು ಲೆಕ್ಕದಿಂದ ಬಿಟ್ಟೇಬಿಡಬೇಕು.

ಗೋಡೆ ಹುಡುಕಲು ನಮ್ಮಲ್ಲಿ ಇದನ್ನೊಂದನ್ನೇ ನಂಬಬಾರದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊರದೇಶದ ಕೈಪಿಡಿ ಓದಿ ಬಂದವರೂ ಇಲ್ಲಿ ಎಡವುತ್ತಾರೆ. ಇಂಗ್ಲೆಂಡಿನಲ್ಲಿ ಭೂಕಾಂತ ಕ್ಷೇತ್ರ ನೆಲದೊಳಕ್ಕೆ 65 ಡಿಗ್ರಿಗೂ ಹೆಚ್ಚು ಕಡಿದಾಗಿ ಇಳಿಯುತ್ತದೆ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುವುದರಿಂದ ನಮ್ಮಲ್ಲಿ ಅದು ಹೆಚ್ಚುಕಡಿಮೆ ಅಡ್ಡಡ್ಡವಾಗಿ, ಉತ್ತರ ದಿಕ್ಕಿಗೆ ಮಲಗಿದಂತಿದೆ. ಹಾಗಾಗಿ ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಹೋಗುವ ಗೋಡೆ ತನ್ನ ಉದ್ದದ ಗುಂಟವೇ ಕಾಂತತೆ ಪಡೆಯುತ್ತದೆ. ಅದರ ಎರಡು ತುದಿಗಳಲ್ಲಿ ಮಾತ್ರ ಏನಾದರೂ ಕಂಡೀತು, ನಡುವೆ ಏನೂ ಇಲ್ಲ. ಪೂರ್ವ-ಪಶ್ಚಿಮದ ಗೋಡೆ ಮಾತ್ರ ಚೆನ್ನಾಗಿ ತೋರುತ್ತದೆ. ನಮ್ಮ ಗುಡಿಗಳು ದಿಕ್ಕಿಗೆ ಸರಿಯಾಗಿ ಕಟ್ಟಿದವು. ನಾಲ್ಕು ಗೋಡೆಯ ಕಟ್ಟಡದಲ್ಲಿ ಎರಡು ಸಮಾಂತರ ಗೆರೆಗಳಷ್ಟೇ ಬಂದು, ‘ಇದು ಹಳೆಯ ದಾರಿಯ ಎರಡು ಅಂಚು’ ಎಂಬ ತೀರ್ಮಾನಕ್ಕೆ ಬರುವ ಅಪಾಯ ಇರುವುದು ಇಲ್ಲೇ. ಜೊತೆಗೆ ನಮ್ಮ ನೆಲವೇ ಕಾಂತತೆಯಿಂದ ತುಂಬಿದೆ. ಬಾಬಾಬುಡನ್ ಗಿರಿ, ಕುದುರೆಮುಖದ ಸಾಲಿನಲ್ಲಿ ಮ್ಯಾಗ್ನೆಟೈಟ್ ಅದಿರು. ಚನ್ನರಾಯಪಟ್ಟಣದ ಕಡೆ ನುಗ್ಗೇಹಳ್ಳಿ ಪಟ್ಟಿಯಲ್ಲೂ ಅದೇ. ಬಯಲಿನಲ್ಲಿ ಅಲ್ಲಲ್ಲಿ ಡಾಲರೈಟ್ ಕಪ್ಪುಕಲ್ಲಿನ ಗೋಡೆಯಂಥ ಪಟ್ಟೆಗಳು. ಇಂಥ ಪಟ್ಟೆ ಕೋಟೆಗೋಡೆಗಿಂತ ನೆಟ್ಟಗೆ ಹೋಗುತ್ತದೆ. ಅದು ಕಿಲೋಮೀಟರ್‌ಗಟ್ಟಲೆ ಸಾಗುವುದರಿಂದ ಗುರುತಿಸಬಹುದು. ಯಂತ್ರ ತರುವ ಮೊದಲು ಭೂವೈಜ್ಞಾನಿಕ ನಕ್ಷೆ ನೋಡುವುದು ಕಡ್ಡಾಯ.

ಜಿಪಿಆರ್, ಅಂದರೆ ನೆಲಕ್ಕೆ ರೇಡಿಯೋ ಅಲೆ ಬಿಟ್ಟು ಪ್ರತಿಧ್ವನಿ ಹಿಡಿಯುವ ಯಂತ್ರ, ಆಳವನ್ನೂ ಹೇಳಬಲ್ಲದು. ಒಣ ಮಣ್ಣಿನಲ್ಲಿ ಅಲೆ ನ್ಯಾನೊಸೆಕೆಂಡಿಗೆ ಸುಮಾರು 0.1 ಮೀಟರ್ ಹೋಗುತ್ತದೆ. ಹೋಗಿ ಬರಲು 20 ನ್ಯಾನೊಸೆಕೆಂಡ್ ಹಿಡಿದರೆ ವಸ್ತು ಒಂದು ಮೀಟರ್ ಕೆಳಗಿದೆ. ಹಸಿ ಮಣ್ಣಿನಲ್ಲಿ ವೇಗ 0.06ರ ಹತ್ತಿರ ಇಳಿಯುವುದರಿಂದ ಅದೇ 20 ನ್ಯಾನೊಸೆಕೆಂಡಿಗೆ ಆಳ 60 ಸೆಂಟಿಮೀಟರ್. ವೇಗ ಅಲ್ಲೇ ಅಳೆಯದೆ ಕೊಟ್ಟ ಆಳದ ಅಂಕಿಗೆ ಬೆಲೆಯಿಲ್ಲ. ಜಿಗುಟು ಮಣ್ಣು ಅಲೆಯನ್ನು ನುಂಗುತ್ತದೆ, ರಾಗಿ ಸಾಲಿನ ಏರುತಗ್ಗಿನಲ್ಲಿ ಆಂಟೆನಾ ನೆಲ ಬಿಟ್ಟು ಹಾರುತ್ತದೆ. ಮಟ್ಟಸವಾದ ದೇವಸ್ಥಾನದ ಅಂಗಳಕ್ಕೆ ಇದು ಸರಿ, ಅದೂ ಬೇಸಿಗೆಯಲ್ಲಿ, 400 ಮೆಗಾಹರ್ಟ್ಸ್ ಆಂಟೆನಾದಲ್ಲಿ, ಅರ್ಧ ಮೀಟರಿಗೊಂದು ಸಾಲಿನಂತೆ. ನಿಮ್ಮ ಹೊಲಕ್ಕೆ ಹಣ ಒಂದೇ ಉಪಕರಣಕ್ಕೆ ಸಾಲುವುದಾದರೆ ಇದು ಬೇಡ. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟದವರಿಗೂ ಇದೇ ಪ್ರಶ್ನೆ ಇರುತ್ತದೆ. ಸಿಲ್ವರ್ ಓಕ್ ನೆರಳಿನಡಿ ಹುಲ್ಲಿನ ಗುರುತು ಕಾಣದು. ಅಲ್ಲಿ ಲೈಡಾರ್, ಅಂದರೆ ಎಲೆಗಳ ಸಂದಿಯಿಂದ ನೆಲ ಮುಟ್ಟುವ ಲೇಸರ್ ಅಳತೆ, ಹಳೆಯ ಕಂದಕ, ಅಗಳು, ಕೋಟೆದಿಣ್ಣೆಯನ್ನು ಬಯಲಿಗೆ ತರುತ್ತದೆ.

ಇವೆಲ್ಲ ಸೇರಿ ಆಕಾರ, ಜಾಗ, ಅಂದಾಜು ಆಳ ಹೇಳುತ್ತವೆ. ಕಾಲ ಹೇಳುವುದಿಲ್ಲ. ನಕ್ಷೆಯಲ್ಲಿ ಗೋಡೆ ಕಂಡಿತೆಂದು 1311ರ ಮಲಿಕ್ ಕಾಫರ್ ದಾಳಿಗೆ ಅದನ್ನು ಕಟ್ಟಿಹಾಕಲು ಹೊರಡಬೇಡಿ. ಕಾಲ ತಿಳಿಯಲು ಪದರದಲ್ಲಿ ಸಿಕ್ಕ ಬೋಕಿ ಬೇಕು, ಇದ್ದಿಲು ಬೇಕು, ಅದಕ್ಕೆ ಅಗೆತವೇ ಬೇಕು. ಅಗೆಯುವ ಅಧಿಕಾರ ಪರವಾನಗಿ ಪಡೆದ ಸಂಸ್ಥೆಗೆ ಮಾತ್ರ. ಹತ್ತು ಸೆಂಟಿಮೀಟರ್ ಅಗಲದ ಕೈಬೈರಿಗೆಯಿಂದ ಮಣ್ಣಿನ ಮಾದರಿ ತೆಗೆಯುವುದನ್ನೂ ಅವರಿಗೇ ಬಿಡಿ. ನೀವು ತೋಡಿ ತೆಗೆದ ವಿಗ್ರಹಕ್ಕಿಂತ, ಇದ್ದಲ್ಲೇ ಇರುವ ಒಂದು ಹಿಡಿ ಬೂದಿಮಣ್ಣು ಅವರಿಗೆ ಹೆಚ್ಚು ಹೇಳಬಲ್ಲದು.

ಯಾರಿಗೆ ಬರೆಯಬೇಕು? ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರಿಗೆ ಒಂದು ಪತ್ರ, ಅದರ ಪ್ರತಿ ತಹಶೀಲ್ದಾರರಿಗೆ. ಸರ್ವೆ ನಂಬರ್, ಬಾಂದುಕಲ್ಲಿನಿಂದ ಅಳೆದ ನಕ್ಷೆ, ದಿನಾಂಕ ಬರೆದ ಫೋಟೋ, ಚೌಕವಾರು ಬೋಕಿ ಎಣಿಕೆ ಲಗತ್ತಿಸಿ. ಬರೀ ‘ನಮ್ಮ ಹೊಲದಲ್ಲಿ ಏನೋ ಇದೆ’ ಎಂಬ ಅರ್ಜಿಗಿಂತ ಇಂಥ ಪತ್ರಕ್ಕೆ ತೂಕ ಹೆಚ್ಚು. ಮೈಸೂರು ವಿಶ್ವವಿದ್ಯಾಲಯದ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗಕ್ಕೂ ಒಂದು ಪ್ರತಿ ಕಳಿಸಿ.

ಜಮೀನಿನ ಭಯಕ್ಕೆ ಉತ್ತರ: ಬೋಕಿ, ಕಿಟ್ಟ ಸಿಕ್ಕಿತೆಂದು ಪಹಣಿಯಲ್ಲಿ ನಿಮ್ಮ ಹೆಸರು ಅಳಿಸುವುದಿಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಒಂದು ಜಾಗವನ್ನು ಸಂರಕ್ಷಿತವೆಂದು ಘೋಷಿಸುವ ಮೊದಲು ಎರಡು ತಿಂಗಳ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ನೀವು ನೋಡಬೇಕಾದದ್ದು ಬೇರೆ: ಕೇಂದ್ರದ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಹಳೇಬೀಡಿನ ಸುತ್ತ ಸ್ಮಾರಕಗಳು ಹಲವು ಇರುವುದರಿಂದ ಮುಂದೆ ಮನೆ ಕಟ್ಟುವುದಿದ್ದರೆ ಈ ದೂರ ಅಳೆಸಿಕೊಳ್ಳಿ. ಉಳುವಾಗ ನಾಣ್ಯ, ಒಡವೆ, ವಿಗ್ರಹ ಏನಾದರೂ ಸಿಕ್ಕರೆ ತೊಳೆಯಬೇಡಿ, ಮನೆಗೆ ಒಯ್ಯಬೇಡಿ, ಅಂದೇ ಲಿಖಿತವಾಗಿ ತಿಳಿಸಿ. ಮುಚ್ಚಿಟ್ಟರೆ ಅದು ಅಪರಾಧ.

ಶುಂಠಿಯನ್ನು ಉಳಿದ ಜಾಗದಲ್ಲಿ ಹಾಕಿಸಿ. ಗೆರೆಗಳ ಸುತ್ತ ಐದೈದು ಮೀಟರ್ ಬಿಟ್ಟು ಗೂಟ ಹೊಡೆದು, ಬಸಿಗಾಲುವೆ ಆ ಕಡೆ ತಿರುಗದಂತೆ ಮಗನಿಗೆ ಮೊದಲೇ ತೋರಿಸಿ. ಆಯದ ಒಳಗೂ ಕಪ್ಪು ಮಣ್ಣಿನಲ್ಲೂ ಎಂದಿನಂತೆ ರಾಗಿಯನ್ನೇ ಬಿತ್ತಿ, ನೇಗಿಲು 15 ಸೆಂಟಿಮೀಟರ್‌ಗಿಂತ ಕೆಳಗೆ ಇಳಿಯದಿರಲಿ. ಈ ವರ್ಷ ಆ ಜಾಗಕ್ಕೆ ತಿಪ್ಪೆಗೊಬ್ಬರದ ರಾಶಿ ಸುರಿಯಬೇಡಿ, ಕೂಳೆ ಸುಡಬೇಡಿ; ಗೊಬ್ಬರ ಮುಂದೆ ಮಣ್ಣಿನ ರಂಜಕ ಪರೀಕ್ಷೆಯನ್ನು ಕೆಡಿಸುತ್ತದೆ, ಬೆಂಕಿ ಮ್ಯಾಗ್ನೆಟೋಮೀಟರ್ ಅಳತೆಯನ್ನು ಕೆಡಿಸುತ್ತದೆ.